ತಲೆಯ ಮೇಲೆ ಕೂತ ಮೈನಸ್ಸು

ಹಠ ಕೆಲವರಿಗೆ ಹುಟ್ಟಿನಿಂದ ಬರುತ್ತದೆ, ನನಗೆ ಅಜ್ಜಿಯಿಂದ ಬಂತು. ಬಾಯಿ ತೆರೆದ ಕೂಡಲೇ "ಇಲ್ಲ" ಅನ್ನಬಾರದು ಎಂಬುದು ಆಕೆಯ ಕಾಯಿದೆ. ಡಬ್ಬಿಯಲ್ಲಿ ಜೋಳ ತೀರಿದರೆ "ಜೋಳ ಹೆಚ್ಚ್ಯಾವ" ಅನ್ನಬೇಕು. ಹೊರಟವರು "ಹೋಗ್ತೀನಿ" ಅಂದರೆ ವಾಪಸು ಕರೆದು "ಬರ್ತೀನಿ" ಅನ್ನಿಸಿ ಕಳಿಸುತ್ತಿದ್ದಳು. "ಮೊದಲ ಹೌದು ಅನ್ನವಾ, ಆಮ್ಯಾಗ ಬೇಕಾದಷ್ಟು ಇಲ್ಲ ಅನ್ನು" ಎನ್ನುತ್ತಿದ್ದಳು. ಇಂಥವಳ ಮೊಮ್ಮಗಳಾದ ನನ್ನ ಮುಂದೆ, ನಲವತ್ತು ದಾಟಿದ ಮೇಲೆ, ಮೈನಸ್ಸಿನಿಂದಲೇ ಶುರುವಾಗುವ ಬೀಜಗಣಿತದ ಲೆಕ್ಕ ಬಂದು ಕೂತರೆ ಏನಾಗಬೇಕು?

ಸುರಪುರದ ನಮ್ಮ ಓಣಿಯ ಅಂಗನವಾಡಿಯಲ್ಲಿ ನಾನು ಸಹಾಯಕಿ. ಹತ್ತನೇ ಇಯತ್ತೆ ಪಾಸಾದರೆ ಕಾರ್ಯಕರ್ತೆ ಆಗಬಹುದಿತ್ತು. ಗಣಿತದಲ್ಲಿ ಎರಡು ಸಲ ಢುಮ್ಕಿ ಹೊಡೆದಿದ್ದೆ. ಇದು ಮೂರನೇ ಸಲ, ನಂತರ ವಯಸ್ಸಿನ ಬಾಗಿಲು ಮುಚ್ಚುತ್ತಿತ್ತು. ಪಾಠ ಹೇಳಲು ಕೂತವಳು ಪಕ್ಕದ ಮನೆಯ ಸೊಸೆ ಫರ್ಜಾನಾ, ಶಹಾಪುರದ ಹುಡುಗಿ, ಬಿ.ಎಸ್ಸಿ. ಓದಿದವಳು.

ಅವಳು −x² + 5x − 6 ಎಂದು ಬರೆದು ಕೊಟ್ಟಳು. ನಾನು ತಲೆಯ ಮೈನಸ್ಸನ್ನು ತೆಗೆದು, ಉಳಿದ ಚಿಹ್ನೆಗಳನ್ನೂ ತಿರುವಿ, (x − 2)(x − 3) ಎಂದು ಚೆಂದಾಗಿ ಉತ್ತರ ಬರೆದೆ.

"ಎಲ್ಲಾ ಬರೋಬ್ಬರಿ ಅದ ಅಕ್ಕಾ. ಮುಂದಿನ ಮೈನಸ್ ಎಲ್ಲಿ ಒಗದ್ರಿ?"

"ಅಪಶಕುನ ಅದು. ತಗದ್ ಬಿಟ್ಟೀನಿ."

"ಯಾ ಅಲ್ಲಾ! ಹೊರಗ ತಗೀರಿ ಅಂದೀನಿ, ಓಣಿಗೆ ಒಗೀರಿ ಅಂದಿಲ್ಲ. ಬ್ರ್ಯಾಕೆಟ್ಟಿನ ಮುಂದ ಕೂಡಸ್ರಿ ಅದನ್ನ."

"ಬಾಗಿಲದಾಗ ಅದನ್ನ ಕೂಡಸಾಂಗಿಲ್ಲ ನಾ."

"ಹಂಗಾರ ಮಾರ್ಕ್ಸ್ ಬರಾಂಗಿಲ್ರಿ. ನಿಮ್ಮ ಅಜ್ಜಿ ಪೇಪರ್ ತಿದ್ದಾಕ ಬರ್ತಾರೇನು?"

ಮೂರು ತಿಂಗಳು ಹೀಗೇ ನಡೆಯಿತು. ಅವಳು ಕೂಡಿಸುವಳು, ನಾನು ಎಬ್ಬಿಸುವೆ. ಕಡೆಗೆ ಅವಳ ಅತ್ತೆ ಚಹಾ ತಂದಿಟ್ಟು, "ಒಂದ್ ಗೀಟಿಗಿ ಇಷ್ಟ್ ಜಗಳೇನವಾ?" ಎಂದು ನಮ್ಮಿಬ್ಬರನ್ನೂ ಬೈದರು.

ಪರೀಕ್ಷೆಯಲ್ಲಿ ಬಂತು ನೋಡಿ: −x² + 7x − 12. ಬಿಟ್ಟರೆ ಅಂಕ ಹೋಗುತ್ತದೆ, ಬರೆದರೆ ಅಜ್ಜಿ ಹೋಗುತ್ತಾಳೆ. ಪೆನ್ನು ಕಚ್ಚುತ್ತ ಕೂತೆ. 7xನ್ನು 3x, 4x ಎಂದು ಒಡೆದೆ. 3xನ್ನು ಹಿರಿಯಳಂತೆ ಮುಂದೆ ಕೂಡಿಸಿ, ಮೈನಸ್ ಎಕ್ಸ್ ಸ್ಕ್ವೇರನ್ನು ಅದರ ಬೆನ್ನಿಗೆ ಹಾಕಿದೆ. 3x − x² + 4x − 12. ಎರಡೆರಡರ ಜೋಡಿ ಮಾಡಿದೆ, x(3 − x) − 4(3 − x) ಆಯಿತು. ಉತ್ತರ (3 − x)(x − 4). ಯಾವ ಬಾಗಿಲಲ್ಲೂ ಮೈನಸ್ಸಿಲ್ಲ!

ಮನೆಗೆ ಬಂದು ತೋರಿಸಿದೆ. ಫರ್ಜಾನಾ ಗುಣಿಸಿ ನೋಡಿದಳು. ಮತ್ತೊಮ್ಮೆ ಗುಣಿಸಿದಳು.

"ಖರೇನ ಬರೋಬ್ಬರಿ ಅದ ಅಕ್ಕಾ!"

ನಾನು ಸೆರಗು ಸರಿಮಾಡಿಕೊಂಡೆ. ಅವಳು ಪ್ರಶ್ನೆಪತ್ರಿಕೆ ತಿರುವಿದಳು. "ಮತ್ತ ಈ ಕಡೀ ನಾಕು ಲೆಕ್ಕ?"

"ಬಿಟ್ಟೀನಿ. ಇದೊಂದಕ್ಕ ಮುಕ್ಕಾಲು ತಾಸು ಹಿಡೀತು."

ಅವಳು ಹಣೆ ಚಚ್ಚಿಕೊಂಡಳು. ಫಲಿತಾಂಶ ಬರುವವರೆಗೆ ನನಗೂ ಸರಿಯಾಗಿ ಊಟ ಸೇರಲಿಲ್ಲ, ಆದರೆ ಅದನ್ನು ಅವಳಿಗೆ ಹೇಳಲಿಲ್ಲ. ಗಣಿತದಲ್ಲಿ ಮೂವತ್ತೈದು ಬಂತು, ಪಾಸಾಗಲು ಎಷ್ಟು ಬೇಕೋ ಅಷ್ಟೇ.

"ಒಂದ್ ಗೀಟು ಮೊದಲ ಬರದ್ ಬಿಟ್ಟಿದ್ರ ಐವತ್ತು ಬರ್ತಿದ್ವು" ಎಂದಳು ಫರ್ಜಾನಾ, ನನ್ನ ಬಾಯಿಗೆ ಪೇಡೆ ತುರುಕುತ್ತ.

"ಐವತ್ತು ಬಂದಿದ್ರ ನಿನ್ನ ಪಾಠಕ್ಕ ಬಂದವು ಅಂತಿದ್ರು ಮಂದಿ. ಈ ಮೂವತ್ತೈದು ಪೂರಾ ನನ್ನವು" ಎಂದೆ. ಪೇಡೆ ಗಂಟಲಲ್ಲಿ ಸಿಕ್ಕಿ ಕೆಮ್ಮು ಬಂತು. ನೀರು ಕುಡಿಸಿ ಬೆನ್ನು ತಟ್ಟಿದವಳೂ ಅವಳೇ.