ಜಾಯ್‌ಸ್ಟಿಕ್ಕಿಗೆ ಹರಳೆಣ್ಣೆ

ನಮ್ಮ ಭಾವನನ್ನು ಕೆ.ಆರ್.ಎಸ್.ಗೆ ಕರೆದುಕೊಂಡು ಹೋದರೆ ಅವರು ಅಣೆಕಟ್ಟಿನ ಕಡೆ ತಿರುಗಿಯೂ ನೋಡುವುದಿಲ್ಲ. ನೆಟ್ಟಗೆ ವಿಡಿಯೋ ಗೇಮ್ ಅಂಗಡಿಗೆ ನುಗ್ಗಿ, ಪರದೆಯ ಮೇಲೆ ಯಾರನ್ನಾದರೂ ಒದ್ದು ಬರುತ್ತಾರೆ. ವಯಸ್ಸು ಎಪ್ಪತ್ತು ದಾಟಿದೆ. ಇಂಥವರಿಗೆ ನಮ್ಮ ಅಕ್ಕನನ್ನು ಕೊಟ್ಟಿದ್ದೇವೆ!

ನಾನು ಶ್ರೀರಂಗಪಟ್ಟಣದಲ್ಲಿ ಶಿಸ್ತಾಗಿ ಬದುಕುವವನು. ಬೆಳಿಗ್ಗೆ ಆರಕ್ಕೆ ಒಂದು ಲೋಟ ಕಾಫಿ. ಆಮೇಲೆ ದಿನವಿಡೀ ಮುಟ್ಟುವುದಿಲ್ಲ. ಭಾವನ ಜೊತೆ ತಿರುಗುವ ಕೆಲಸ ನನಗೆ ಬಿದ್ದದ್ದು ಈ ಶಿಸ್ತಿನಿಂದಲೇ ಇರಬೇಕು.

ಲಕ್ವ ಹೊಡೆದು ಅವರ ಎಡಗೈ ಸೋತಿತ್ತು. ಪಾಂಡವಪುರದ ಹತ್ತಿರದ ಅವರ ಮನೆಯಲ್ಲಿ ಒಂದು ಹಸುವಿದೆ. ಭಾವ ಎರಡೂ ಕೈಯಿಂದ ಕರೆದರೆ ಮಾತ್ರ ಸುಮ್ಮನಿರುವ ಹಸು. ಒಂಟಿಗೈಯಲ್ಲಿ ಕೂತ ದಿನ ಅವರನ್ನೂ ಒದೆಯಿತು. ಪಕ್ಕದ ಮನೆಯಾಕೆ ಕಾಲು ಕಟ್ಟಿ ಕರೆದರೂ ಅರ್ಧ ಹಾಲು ಕೆಚ್ಚಲಲ್ಲೇ ಉಳಿಯುತ್ತಿತ್ತು. ನಾಗಮಂಗಲದ ದನದ ವ್ಯಾಪಾರಿಯೊಬ್ಬ ಬಂದು ನೋಡಿಹೋದ.

“ಉಗಾದಿವರ್ಗೂ ಕಾಯ್ತೀನಿ. ಆಮೇಲೆ ಅವ್ನು ಹೊಡ್ಕೊಂಡ್ ಓಗ್ಲಿ,” ಅಂದಳು ಅಕ್ಕ.

ಡಾಕ್ಟರು ರಬ್ಬರ್ ಚೆಂಡು ಹಿಸುಕಲು ಹೇಳಿದ್ದರು. ಭಾವ ಅದನ್ನು ನಾಯಿಗೆ ಕೊಟ್ಟರು.

“ಚೆಂಡು ತಿರುಗ್ಸಿ ಒದಿತದಾ? ನಂಗೆ ಒದಿಯೋದು ಬೇಕು ಕಣಯ್ಯ.”

ಒದೆಯುವುದನ್ನು ಅವರು ಕಂಡದ್ದು ಕೆ.ಆರ್.ಎಸ್.ನ ಆ ಗೇಮ್ ಅಂಗಡಿಯಲ್ಲಿ. ಆ ಯಂತ್ರದಲ್ಲಿ ಎಡಗೈಗೆ ಜಾಯ್‌ಸ್ಟಿಕ್ಕು, ಬಲಗೈಗೆ ಗುಂಡಿಗಳು. ಹಿಡಿಯುವ ಕ್ರಮವನ್ನು ನಾನೇ ಹೇಳಿಕೊಟ್ಟೆ: ನೇರ ಕೂರಬೇಕು, ಮೇಲಿನಿಂದ ಮುಷ್ಟಿ ಕಟ್ಟಬೇಕು, ಮಣಿಕಟ್ಟು ಮಾತ್ರ ಆಡಬೇಕು. ಭಾವ ಮುಷ್ಟಿ ಕಟ್ಟಿ ಎಳೆದ ರಭಸಕ್ಕೆ ಯಂತ್ರವೇ ಅಲುಗಿತು. ಪರದೆಯ ಮೇಲಿನ ಅವರ ಪೈಲ್ವಾನ ಮೂಲೆಯಲ್ಲಿ ನಿಂತು ಏಟು ತಿಂದ.

“ಯಜಮಾನ್ರೆ, ಕಿತ್ಕೊಂಡ್ ಓಗ್ಬುಟ್ಟೀರ. ವಸಿ ಸಡ್ಲ ಬುಡಿ,” ಅಂದ ಅಂಗಡಿಯವನು.

ಮರುದಿನ ಭಾವ ನನ್ನ ಕ್ರಮವನ್ನು ಕೈಬಿಟ್ಟರು. ಅಂಗೈ ಮೇಲೆ ಮಾಡಿ, ಕಡ್ಡಿಯನ್ನು ಬೆರಳುಗಳ ಸಂದಿಗೆ ಸೇರಿಸಿ, ಕೆಳಗಿನಿಂದ ಹಿಡಿದರು.

“ಇದೇನ್ ಭಾವ, ತೀರ್ಥ ತಗೊಳ್ಳೋ ಹಾಗೆ?”

“ಕೆಚ್ಚಲಿಗೆ ಮೇಲಿಂದ ಕೈ ಆಕ್ತಾರೇನ್ಲಾ?”

ಅಷ್ಟಕ್ಕೇ ನಿಲ್ಲಿಸಲಿಲ್ಲ. ಜೇಬಿನಿಂದ ಡಬ್ಬಿ ತೆಗೆದು, ಕರೆಯುವ ಮುಂಚೆ ಮೊಲೆತೊಟ್ಟಿಗೆ ಸವರುವಂತೆ, ಜಾಯ್‌ಸ್ಟಿಕ್ಕಿಗೆ ಹರಳೆಣ್ಣೆ ಸವರಿದರು. “ಸುಮ್ಕಿರವ್ವ, ಸುಮ್ಕಿರು,” ಎಂದು ಯಂತ್ರವನ್ನು ರಮಿಸಿದರು. ಆ ದಿನ ಅವರ ಪೈಲ್ವಾನ ಗೆದ್ದ! ಅವರ ನಂತರ ಕೂತ ಪ್ರವಾಸಿಯ ಕೈ ಮಾತ್ರ ಜಾರಿ ಜಾರಿ, ಆತ ಒಂದೇಟೂ ಹೊಡೆಯದೆ ಸೋತ. ಅಂಗಡಿಯವನು ಅಂದಿನಿಂದ ಭಾವನ ಆಟ ಮುಗಿದ ಕೂಡಲೇ ಬಟ್ಟೆ ಹಿಡಿದು ಓಡಿಬರುತ್ತಿದ್ದ.

ಚಳಿಗಾಲ ಪೂರ್ತಿ ಹೀಗೇ ನಡೆಯಿತು. ಹೆಬ್ಬೆರಳಿಗೆ ಜೀವ ಬಂತು. ಕಿರುಬೆರಳು ಮಾತ್ರ ಮೊಂಡು ಹಿಡಿದಿತ್ತು.

ಯುಗಾದಿಯ ಮರುದಿನ ಹಸು ಹೋಗುವುದನ್ನು ನೋಡಬೇಕಾಗುತ್ತದೆಂದು ಮನಸ್ಸು ಗಟ್ಟಿ ಮಾಡಿಕೊಂಡೇ ಪಾಂಡವಪುರಕ್ಕೆ ಹೋದೆ. ಹಸು ಕೊಟ್ಟಿಗೆಯಲ್ಲೇ ಇತ್ತು, ಕಾಲಿಗೆ ಹಗ್ಗವಿರಲಿಲ್ಲ. ಭಾವ ತಾವೇ ಲೋಟ ಹಿಡಿದು ಬಂದರು. ಎಡಗೈ. ದಾರಿಯುದ್ದಕ್ಕೂ ಕಾಫಿ ತುಳುಕಿತು.

“ನೀನು ಒತ್ತಾದ್ಮೇಲೆ ಕುಡಿಯಾಕಿಲ್ಲ, ಗೊತ್ತು,” ಅಂದರು. “ಈ ಆಲು ಎಡಗೈದು ಕಣಯ್ಯ.”

ಗಡಿಯಾರ ನೋಡಿದೆ. ಹನ್ನೊಂದಾಗಿತ್ತು.

ಸಕ್ಕರೆ ಹಾಕುವುದನ್ನು ಮರೆತಿದ್ದರು. ಇನ್ನರ್ಧ ಲೋಟ ಕೇಳಿ ಕುಡಿದೆ.