ತ್ರಿಫಲದ ಡಬ್ಬಿಗೆ ಮೂರು ಸುತ್ತು

ಆದದ್ದು ಇಷ್ಟೆ: ನನ್ನ ಮೈದುನನ ಮುಖಕ್ಕೆ ಮಾವಿನಕಾಯಿಯ ಸೊನೆ ತಾಗಿತ್ತು. ಉಳಿದದ್ದೆಲ್ಲ ಅವನೇ ಕಟ್ಟಿದ ಆಟ.

ಈ ಮಹಾಶಯ ಕತಾರಿಗೆ ಬಂದು ಮೂವತ್ತು ವರ್ಷವಾಯಿತು. ಮುಶೈರಿಬ್‌ನಲ್ಲಿ ಕೆಲಸ, ಉಮ್ಮ್ ಸಲಾಲ್‌ನಲ್ಲಿ ಒಂದು ಕೋಣೆ, ಮದುವೆ ಇಲ್ಲ. ಇಷ್ಟು ವರ್ಷದಲ್ಲಿ ಒಂದು ಮಾತ್ರೆ ನುಂಗಿದವನಲ್ಲ. ನೆಗಡಿಯಾದರೆ ಕಿಸೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಇಟ್ಟುಕೊಂಡು ಆಫೀಸಿಗೆ ಹೋಗುತ್ತಾನೆ. ಪಕ್ಕದ ಕುರ್ಚಿಯವನು ಯಾಕೆ ಜಾಗ ಬದಲಿಸಿದನೆಂದು ಇವನಿಗೆ ಇನ್ನೂ ಗೊತ್ತಿಲ್ಲ!

ಮೊನ್ನೆ ಬೇಸಗೆಯಲ್ಲಿ ನಾಲ್ಕು ದಿನ ರಜೆ ಹಾಕಿ ಅಲ್ ಅಜೀಜಿಯಾದ ನಮ್ಮ ಮನೆಗೆ ಬಂದ. ನನ್ನ ಮಗಳಿಗೆ ಹೆರಿಗೆಯಾಗಿ ನಲವತ್ತು ದಿನ. ಮಗುವನ್ನು ಎತ್ತಿಕೊಳ್ಳಲೆಂದೇ ಬಂದವನು. ಬಂದಾಗ ಅದು ನಿದ್ದೆಯಲ್ಲಿತ್ತು. ನಾಳೆ ಎತ್ತಿಕೊಂಡರಾಯಿತು ಎಂದ. ಸುಮ್ಮನೆ ಕೂರುವ ಜಾತಿಯೇ? ಉಪ್ಪಿನಕಾಯಿಗೆಂದು ಊರಿನಿಂದ ತರಿಸಿದ್ದ ಕಾಟುಮಾವಿನಕಾಯಿಯ ತೊಟ್ಟು ಮುರಿಯುತ್ತಾ, ಅದೇ ಕೈಯಲ್ಲಿ ಬೆವರು ಒರೆಸುತ್ತಾ ಕೂತ.

ಬೆಳಿಗ್ಗೆ ಎದ್ದರೆ ಮುಖ ಹಲಸಿನ ಹಣ್ಣು! ಕೆಂಪು ಗುಳ್ಳೆ, ಊದಿದ ತುಟಿ. ಚಿಕನ್ ಪಾಕ್ಸ್ ಇರಬಹುದೆಂದು ಮಗಳು ಮಗುವಿನೊಂದಿಗೆ ಕೋಣೆ ಸೇರಿ ಬಾಗಿಲು ಹಾಕಿದಳು.

"ಅತ್ತಿಗೇ, ಇದು ಚೇರು," ಎಂದ ಇವನು.

"ದೋಹಾದಲ್ಲಿ ಚೇರುಮರ ಎಲ್ಲುಂಟು ಮಾರಾಯ?"

"ಕಾಯಿಯೊಟ್ಟಿಗೆ ಬಂದಿರ್ಬೇಕು."

ನಮ್ಮ ಕಡೆ ಕಾಡಿನಲ್ಲಿ ಚೇರುಮರದ ಹಾಲು ತಾಗಿದರೆ ಮೈಯೆಲ್ಲ ಉರಿ. ಆಗ ತಾರೆಮರಕ್ಕೆ ಮೂರು ಸುತ್ತು ಬಂದು, ಚೇರಿನ ಸಿಟ್ಟು ಇಳಿಸಿಕೊಡು ಎಂದು ಬೇಡುವುದು ಹಿಂದಿನಿಂದ ಬಂದ ಪದ್ಧತಿ. ಮರಳುಗಾಡಿನಲ್ಲಿ ತಾರೆಮರ ಎಲ್ಲಿಂದ ತರುವುದು? ಇವನ ಚೀಲದಲ್ಲಿ ತ್ರಿಫಲ ಚೂರ್ಣದ ಡಬ್ಬಿ ಇತ್ತು. ತ್ರಿಫಲದಲ್ಲಿ ತಾರೆಕಾಯಿ ಇದೆಯಲ್ಲ! ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟು, ಹಾಲ್‌ನಲ್ಲಿ ಕೈಮುಗಿದು ಸುತ್ತಲು ಶುರುಮಾಡಿದ. ನೆಲ್ಲಿಕಾಯಿಗೂ ಅಳಲೆಕಾಯಿಗೂ ಪುಕ್ಕಟೆ ಪ್ರದಕ್ಷಿಣೆ.

ಮೂರು ಸುತ್ತು ಮುಗಿಯುವವರೆಗೆ ಕಾದು, ರಟ್ಟೆ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋದೆ. ಬೇಸಗೆಯಲ್ಲಿ ಇಲ್ಲಿನ ನಲ್ಲಿ ತಿರುಗಿಸಿದರೆ ಬರುವುದು ಕಾದ ನೀರು. ತಣ್ಣೀರು ಬೇಕಾದರೆ ಗೀಸರ್ ಆರಿಸಿಟ್ಟು ಅದರಿಂದಲೇ ಹಿಡಿಯಬೇಕು. ಆ ನೀರಿನಲ್ಲಿ ಸೋಪು ಹಾಕಿ ಮುಖ, ಕೈ ತೊಳೆಸಿದೆ. ಉಗುರು ಕತ್ತರಿಸಿದೆ. ಹಾಕಿದ್ದ ಅಂಗಿ ಒಗೆಯಲು ಹಾಕಿದೆ. ಮುಖಕ್ಕೆ ಒದ್ದೆ ಬಟ್ಟೆ ಇಟ್ಟು, ತುರಿಸಿದರೆ ಕೈ ಕಟ್ಟುತ್ತೇನೆ ಎಂದೆ. ಅಷ್ಟರಲ್ಲಿ ಮಗಳು ಕೋಣೆಯೊಳಗಿಂದಲೇ ವೀಡಿಯೊ ಕಾಲ್ ಮಾಡಿ, ನಾನು ಕಳಿಸಿದ ಇವನ ಫೋಟೊ ಡಾಕ್ಟರಿಗೆ ತೋರಿಸಿದಳು. ಸೊನೆಯೇ, ಕಣ್ಣಿಗೆ ಏನೂ ಆಗಿಲ್ಲ, ತೊಳೆದ ಮೇಲೆ ಇನ್ನೊಬ್ಬರಿಗೆ ಅಂಟುವುದಿಲ್ಲ ಎಂದರಂತೆ. ಹಚ್ಚಲು ಒಂದು ಮುಲಾಮು ಬರೆದರು. ಮಗಳು ಬಾಗಿಲು ತೆಗೆದಳು.

ಇವನು ಮಾತ್ರ ಆ ಕೋಣೆಯ ಹೊಸ್ತಿಲು ದಾಟಲಿಲ್ಲ. ಡಾಕ್ಟರಿಗೆ ಚೇರು ಗೊತ್ತುಂಟಾ ಎಂದು ನನ್ನನ್ನೇ ಕೇಳಿದ. ರಜೆಯ ಮೂರನೆಯ ಸಂಜೆ ಬಾವು ಇಳಿದಿತ್ತು, ಗುಳ್ಳೆ ಬಾಡಿತ್ತು, ಆದರೂ ಡಬ್ಬಿ ಸುತ್ತುವುದು ನಿಂತಿರಲಿಲ್ಲ. ಬೈಯಲೆಂದೇ ಹಿಂದೆ ಹೋಗಿ ನಿಂತೆ. ಪಿಸುಗುಡುತ್ತಿದ್ದ: "ನನಗೆ ಎಷ್ಟು ದಿನ ಬೇಕಾದ್ರೂ ಇರ್ಲಿ. ಮಗುವಿಗೆ ಹೋಗುದು ಬೇಡ."

ಹಾಗೆಯೇ ಹಿಂದೆ ಬಂದು ನಾಳೆಯ ದೋಸೆಗೆ ಅಕ್ಕಿ ರುಬ್ಬಲು ಹಾಕಿದೆ.

ಮರುದಿನ ಬೆಳಿಗ್ಗೆ ಅವನು ಸೋಫಾದಲ್ಲಿ ಕೂತಿದ್ದಾಗ, ಕೇಳದೆ ಹೇಳದೆ ಮಗುವನ್ನು ತಂದು ಅವನ ಮಡಿಲಲ್ಲಿ ಇಟ್ಟೆ.

"ಬೇಡ ಅತ್ತಿಗೇ," ಎಂದ. ಕೈ ಆಗಲೇ ಮಗುವನ್ನು ಹಿಡಿದಿತ್ತು.

ತಲೆಯ ಅಡಿಗೆ ಕೈ ಕೊಡು ಎಂದು ಹೇಳಿ, ದೋಸೆ ಹೊಯ್ಯಲು ಒಳಗೆ ಹೋದೆ.