ಗೋಡೆ ಎಲ್ಲಿಗೆ ಹೋಗುತ್ತೆ

ಮನೆ ರಿಪೇರಿಯಲ್ಲಿ ನಕ್ಷೆರಾಯರ ಪಾಲಿಗೆ ಉಳಿದದ್ದು ಗೋಡೆಯೊಳಗಿನ ವೈರು ಒಂದೇ. ಟೈಲ್ಸನ್ನು ಹೆಂಡತಿ ಆರಿಸಿದ್ದಳು, ಬಣ್ಣವನ್ನು ಮಗಳು, ಬಾಗಿಲನ್ನು ಭಾವಮೈದುನ. "ಇಂಟರ್ನೆಟ್ ವೈರು ನೀವೇ ನೋಡ್ಕೊಳ್ಳಿ. ಅದು ಹೇಗೂ ಯಾರ ಕಣ್ಣಿಗೂ ಬೀಳಲ್ಲ," ಎಂದಿದ್ದಳು ಹೆಂಡತಿ.

ಮೂವತ್ತು ವರ್ಷ ಆಫೀಸಿನಲ್ಲಿ ಊರವರ ಮನೆಗಳ ನಕ್ಷೆ ಬರೆದು ಆ ಹೆಸರು ಗಳಿಸಿದ್ದ ರಾಯರಿಗೆ ಸ್ವಂತ ಮನೆಯಲ್ಲಿ ಒಂದು ಗೆರೆ ಎಳೆಯುವ ಅಧಿಕಾರವೂ ಇರಲಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎನ್ನುತ್ತಾರಲ್ಲ, ಹಾಗಾಯಿತು. ಮೂರು ವಾರ ಊಟದ ತಟ್ಟೆಯ ಮುಂದೆಯೂ ಅವರು ವೈರಿನ ವಿಷಯವನ್ನೇ ಓದಿದರು. 'ಇದು ಇವರು ಮಾಡಿದ್ದು' ಎಂದು ಹೆಂಡತಿ ನಾಲ್ಕು ಜನರೆದುರು ಒಮ್ಮೆ ಹೇಳಬೇಕು, ಅಷ್ಟೇ ಅವರ ಆಸೆ.

ವೈರು ಎಳೆಯುವ ದಿನ ಬಂತು. ಅಂದೇ ಮಧ್ಯಾಹ್ನ ಗಾರೆ ಮೇಸ್ತ್ರಿ ಬಂದು ಗೋಡೆ ಮುಚ್ಚುವವನಿದ್ದ. ಬೆಳಗ್ಗೆಯೇ ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಕಾಫಿ ಲೋಟದ ಸಮೇತ ಬಂದು ನಿಂತರು.

"ಗೋಡೆ ಯಾಕ್ರೀ ಕೊರೀತೀರಿ? ನಮ್ಮನೇಲಿ ವೈಫೈ ಡಬ್ಬ ಒಂದಿದೆ. ನಿಮ್ಮ ವರಾಂಡದವರೆಗೂ ಬರುತ್ತೆ."

"ಗಾಳೀಲಿ ಬರೋದು ಗಾಳೀಲೇ ಹೋಗುತ್ತೆ ಸಾರ್," ಎಂದರು ರಾಯರು. "ಇದು ಕ್ಯಾಟ್ ಸಿಕ್ಸ್ ಎ, ಇಂಟರ್ನೆಟ್ ವೈರಲ್ಲೇ ಮೇಲ್ದರ್ಜೇದು. ಇನ್ನು ಇಪ್ಪತ್ತು ವರ್ಷ ಯಾರೂ ಮುಟ್ಟೋ ಹಾಗಿಲ್ಲ."

ಅಂಗಡಿಯವನು ಮೊದಲು ಕೊಟ್ಟಿದ್ದ ಸುರುಳಿಯನ್ನು ರಾಯರು ಬ್ಲೇಡಿನಿಂದ ಕೆರೆದು, ಒಳಗೆ ಬೆಳ್ಳಗೆ ಕಂಡ ಅಲ್ಯೂಮಿನಿಯಮ್ಮನ್ನು ಅವನ ಮೂಗಿನ ಕೆಳಗೇ ಹಿಡಿದು, ಅಪ್ಪಟ ತಾಮ್ರದ್ದನ್ನು ತಂದಿದ್ದರು. ಆ ಬ್ಲೇಡನ್ನು ಈಗಲೂ ಜೇಬಿನಲ್ಲೇ ಇಟ್ಟುಕೊಂಡಿದ್ದರು. ಪೋಸ್ಟ್‌ಮಾಸ್ಟರಿಗೂ ಕೆರೆದು ತೋರಿಸಿದರು.

ವೈರಿಂಗ್‌ನವನನ್ನು ಹತ್ತಿರ ಸೇರಿಸಲಿಲ್ಲ. ಬೆರಳ ದಪ್ಪದ ವೈರು ಪೈಪಿನೊಳಗೆ ಅರ್ಧ ದಾರಿಯಲ್ಲಿ ಹಠ ಹಿಡಿದಾಗ ಸೋಪಿನ ನೀರು ಸವರಿ ಎಳೆದರು. ಅದು ಒಮ್ಮೆಲೇ ಸಡಿಲಗೊಂಡು, ರಾಯರು ಹೋಗಿ ಮರಳಿನ ಗುಡ್ಡೆಯ ಮೇಲೆ ಕುಳಿತರು. ಎದ್ದು ಮತ್ತೆ ಎಳೆದರು. ಸಾಕೆಟ್ ಕೂರಿಸಲು ಗೋಡೆಯಲ್ಲಿ ಹುದುಗಿಸಿದ್ದು, ಎಲ್ಲಾ ಕೋಣೆಗಳೂ ಸೇರಿ ಏಳು ಡಬ್ಬಿ. ತುದಿಗಳನ್ನು ಮಡಚಿ ಡಬ್ಬಿಗಳೊಳಗೆ ಸೇರಿಸಿ, ಬಾಯಿಗೆ ರಟ್ಟು ಅಂಟಿಸಿದರು. ಆಮೇಲೆ ಸ್ಕೇಲು, ಪೆನ್ಸಿಲು ಹಿಡಿದು, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಎಂದು ಪ್ರತಿ ಡಬ್ಬಿಯ ಅಳತೆಯನ್ನೂ ಇಟ್ಟಿಗೆಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಬರೆದರು. ಅಂಥ ಚೆಂದದ ನಕ್ಷೆಯನ್ನು ಅವರು ಆಫೀಸಿನಲ್ಲೂ ಬರೆದಿರಲಿಲ್ಲ.

"ಒಂದು ಕಾಗದದ ಮೇಲೂ ಬರ್ಕೊಳ್ಳಿ. ಇಲ್ಲ, ಫೋನಲ್ಲಿ ಫೋಟೋ ಆದ್ರೂ ತೆಗೀರಿ," ಎಂದರು ಪೋಸ್ಟ್‌ಮಾಸ್ಟರು.

ರಾಯರು ನಕ್ಕರು. "ಮೂವತ್ತು ವರ್ಷ ಕಾಗದ ಕಳೆದುಹೋಗೋದನ್ನೇ ನೋಡಿದೀನಿ ಸಾರ್. ಫೋನೂ ಕಳೆದುಹೋಗುತ್ತೆ. ಗೋಡೆ ಎಲ್ಲಿಗೆ ಹೋಗುತ್ತೆ?"

ಮೇಸ್ತ್ರಿ ಆಳುಗಳ ಸಮೇತ ಬಂದ. ಅವನೂ ತನ್ನ ಕೆಲಸದ ಬಗ್ಗೆ ಜಂಬದ ಮನುಷ್ಯನೇ. "ಡಬ್ಬಿಯೊಳಗೆ ಒಂದು ಹನಿ ಸಿಮೆಂಟ್ ಹೋಗಬಾರದು," ಎಂದರು ರಾಯರು. "ಗೋಡೆ ಕನ್ನಡಿ ಥರ ಇರಬೇಕು," ಎಂದಳು ಹೆಂಡತಿ. ಅವನು ಇಬ್ಬರಿಗೂ ತಲೆಯಾಡಿಸಿದ.

ರಾಯರು ಡಬ್ಬಿಗಳಿಗೆ ಸಾಕೆಟ್ ತರಲು ಅಂಗಡಿಗೆ ಹೋದರು. ಹತ್ತು ನಿಮಿಷದ ಕೆಲಸ. ಆದರೆ ಅಲ್ಲಿ ಯಾರೋ ಗಿರಾಕಿ ಅಲ್ಯೂಮಿನಿಯಮ್ ಸುರುಳಿ ಕೊಳ್ಳುತ್ತಿದ್ದ. ರಾಯರು ಸುಮ್ಮನಿರಲಾಗದೆ ಬ್ಲೇಡು ತೆಗೆದರು. ಮೂರು ಗಂಟೆ ಉಪದೇಶ ನಡೆಯಿತು. ಅಂಗಡಿಯವನು ಕೈಮುಗಿದ ಮೇಲೆಯೇ ಅವರು ಹೊರಟದ್ದು.

ಮನೆಯಲ್ಲಿ ಮೇಸ್ತ್ರಿ ಕರಣೆ ತೊಳೆಯುತ್ತಿದ್ದ. ಗೋಡೆಗಳು ಹಸಿಯಾಗಿ, ನುಣ್ಣಗೆ, ಈ ತುದಿಯಿಂದ ಆ ತುದಿಯವರೆಗೆ ಒಂದು ಗೀರೂ ಇಲ್ಲದೆ ನಿಂತಿದ್ದವು.

"ಡಬ್ಬಿ?" ಎಂದರು ರಾಯರು.

"ಒಂದು ಹನಿ ಒಳಗೆ ಹೋಗಿಲ್ಲ ಸಾರ್. ಹೋಗೋಕೆ ದಾರೀನೇ ಇಟ್ಟಿಲ್ಲ."

"ಎಲ್ಲಿವೆ ಅಂತ ಗುರುತು?"

"ನೀವೇ ಬರೆದಿದ್ರಲ್ಲ ಸಾರ್, ಗೋಡೆ ಮೇಲೆ. ಎಷ್ಟು ಚೆನ್ನಾಗಿತ್ತು ಅಕ್ಷರ. ಮುಚ್ಚೋಕೇ ಮನಸ್ಸು ಬರಲಿಲ್ಲ."

ರಾಯರು ಬ್ಲೇಡು ತೆಗೆದು ಗೋಡೆಯ ಕಡೆ ಒಂದು ಹೆಜ್ಜೆ ಇಟ್ಟರು. ಅಷ್ಟರಲ್ಲಿ ಹೆಂಡತಿ ಅಕ್ಕಪಕ್ಕದ ನಾಲ್ಕು ಜನರನ್ನು ಕರೆದುಕೊಂಡೇ ಒಳಗೆ ಬಂದಳು.

"ನೋಡಿ, ಹೆಸರಿಗೊಂದು ವೈರು ಕಾಣ್ತಾ ಇದೆಯಾ? ಟೈಲ್ಸ್ ಆಗಲೇ ಬಿರುಕು ಬಿಟ್ಟಿದೆ, ನಮ್ಮ ತಮ್ಮ ತಂದ ಬಾಗಿಲು ಮುಚ್ಚಲ್ಲ. ಈ ಮನೇಲಿ ನೆಟ್ಟಗೆ ಆಗಿರೋ ಕೆಲಸ ಅಂದ್ರೆ ಇದೊಂದೇ. ಇದು ನಮ್ಮನೆಯವರು ಮಾಡಿದ್ದು." ಅವಳ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. "ಇನ್ನು ಯಾರಾದರೂ ಈ ಗೋಡೆಗೆ ಒಂದು ಮೊಳೆ ಹೊಡೀಲಿ, ಆಮೇಲಿದೆ."

ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಮೊದಲ ಸಲ ರಾಯರ ಎದೆ ಉಬ್ಬಿತು. ಉಬ್ಬಿದ ಎದೆಯೊಳಗೆ ಏಳು ಡಬ್ಬಿಗಳೂ ಕುಳಿತಿದ್ದವು. ಅವರು ಬ್ಲೇಡನ್ನು ಮೆಲ್ಲಗೆ ಜೇಬಿಗೆ ಇಳಿಸಿದರು.

"ಇಪ್ಪತ್ತು ವರ್ಷ ಯಾರೂ ಮುಟ್ಟೋ ಹಾಗಿಲ್ಲ," ಎಂದರು ಪೋಸ್ಟ್‌ಮಾಸ್ಟರು, ಗೋಡೆಯನ್ನು ಮೇಲಿನಿಂದ ಕೆಳಗೆ ನೋಡುತ್ತ. ಎಲ್ಲರೂ ಹೋದ ಮೇಲೆ ರಾಯರನ್ನು ವರಾಂಡಕ್ಕೆ ಕರೆದು, ಕಿವಿಯ ಹತ್ತಿರ ಬಗ್ಗಿದರು. "ನಮ್ಮನೆ ವೈಫೈ ಪಾಸ್‌ವರ್ಡ್ ಹೇಳ್ತೀನಿ, ಬರ್ಕೊಳ್ಳಿ."

ರಾಯರು ಒಮ್ಮೆ ಒಳಗೆ ನೋಡಿದರು. ಆಮೇಲೆ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ಸಾಕೆಟ್ಟುಗಳ ರಸೀದಿಯನ್ನು ತಿರುಗಿಸಿ, ಕಾಗದದ ಮೇಲೆ ಬರೆದುಕೊಂಡರು.